ಕಲ್ಲು ಹೊಲದ ಹಳೆಯ ಕಲ್ಲುಬದು: ದುರಸ್ತಿ ಮಾಡುವ ಕ್ರಮ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು, ಚಳ್ಳಕೆರೆ, ಹಿರಿಯೂರು, ಹೊಸದುರ್ಗ ತಾಲ್ಲೂಕುಗಳಲ್ಲಿಯೂ ದಾವಣಗೆರೆ ಜಿಲ್ಲೆಯ ಜಗಳೂರು ಸೀಮೆಯಲ್ಲಿಯೂ ಗುಡ್ಡದ ಬುಡದ ಮಸಾರಿ (ಕೆಂಪು ಮಣ್ಣಿನ) ಹೊಲಗಳಿಗೆ ಹಿಂದಿನವರು ಹಾಕಿದ ಕಲ್ಲುಬದುಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ಗಾರೆಯಿಲ್ಲದೆ, ಹೊಲದಲ್ಲೇ ಆಯ್ದ ಕಾಡುಗಲ್ಲನ್ನು ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಈ ಬದುಗಳು ದನ ನುಗ್ಗದಿರಲೆಂದು ಕಟ್ಟಿದ ಬೇಲಿಗಳೆಂದೇ ಹಲವರು ತಿಳಿದಿದ್ದಾರೆ. ಆದರೆ ಬದುವಿನ ಮೇಲ್ಭಾಗದ ಹೊಲವನ್ನೂ ಕೆಳಭಾಗದ ಹೊಲವನ್ನೂ ಒಂದೊಂದು ಗುದ್ದಲಿ ಅಗೆದು ನೋಡಿದರೆ ಅದರ ಕೆಲಸ ಏನೆಂಬುದು ತಿಳಿಯುತ್ತದೆ: ಮೇಲೆ ಮೊಣಕೈ ಆಳದವರೆಗೆ ಮಣ್ಣು ಸಿಕ್ಕುವಲ್ಲಿ, ಬದು ಕುಸಿದ ಕಡೆ ಒಂದು ಗೇಣು ಅಗೆಯುವಷ್ಟರಲ್ಲಿ ಗರಸು, ಅಂದರೆ ಕಲ್ಲು ಬೆರೆತ ಗಟ್ಟಿ ನೆಲ, ಬರುತ್ತದೆ. ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಆಸುಪಾಸಿನ ಮಳೆಯನ್ನೇ ನಂಬಿದ ಈ ಸೀಮೆಯಲ್ಲಿ ಮಣ್ಣಿನ ಆಳವೆಂದರೆ ಬೆಳೆಗೆ ಸಿಕ್ಕುವ ನೀರಿನ ದಾಸ್ತಾನು. ಆದ್ದರಿಂದ ಬದುವನ್ನು ಅಂದಕ್ಕಾಗಿ ಅಥವಾ ಗಡಿಗಾಗಿ ಅಲ್ಲ, ಮಣ್ಣನ್ನು ಹಿಡಿದು ನೀರನ್ನು ನಿಧಾನವಾಗಿ ಬಿಟ್ಟುಕೊಡುವ ಕಟ್ಟಡವೆಂದು ಭಾವಿಸಿ ದುರಸ್ತಿ ಮಾಡಬೇಕೆಂಬುದೇ ಈ ಲೇಖನದ ಆಧಾರ.

ಕಲ್ಲು ಮುಟ್ಟುವ ಮುನ್ನ

ಮೊದಲ ಕೆಲಸ ಗಡಿಯದು. ಹಳೆಯ ಬದು ಎರಡು ಸರ್ವೆ ನಂಬರುಗಳ ನಡುವೆ ಇದ್ದರೆ ಅದರೊಳಗೆ ಬಾಂದು ಕಲ್ಲು (ಸರ್ವೆಯವರು ನೆಟ್ಟ ಗಡಿಕಲ್ಲು) ಸೇರಿಕೊಂಡಿರುವ ಸಾಧ್ಯತೆ ಇರುತ್ತದೆ. ಆ ಕಲ್ಲನ್ನು ಗುರುತಿಸಿ, ಸುಣ್ಣ ಬಳಿದು, ಅದು ಕದಲದಂತೆ ನೋಡಿಕೊಂಡೇ ಕೆಲಸ ಆರಂಭಿಸಬೇಕು. ಸರ್ವೆ ಕಲ್ಲನ್ನು ಕೀಳುವುದು, ಸರಿಸುವುದು ಭೂ ಕಂದಾಯ ಕಾನೂನಿನ ಪ್ರಕಾರ ದಂಡಾರ್ಹ. ಗಡಿಯ ಬಗ್ಗೆ ಸ್ವಲ್ಪವಾದರೂ ಅನುಮಾನವಿದ್ದರೆ ನಾಡಕಚೇರಿಯಲ್ಲಿ ವಿಚಾರಿಸಿ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಿಕೊಡಲು, ಅರ್ಜಿ ಕೊಟ್ಟು, ಅಳತೆಯಾದ ನಂತರವೇ ಕಲ್ಲು ಕೀಳುವುದು ಕ್ಷೇಮ. ಪಕ್ಕದ ಹೊಲದವರನ್ನು ಸ್ಥಳಕ್ಕೆ ಕರೆದು, ಎಲ್ಲಿಂದ ಎಲ್ಲಿಯವರೆಗೆ ಬಿಚ್ಚುತ್ತೀರಿ, ನೀರನ್ನು ಎಲ್ಲಿ ಬಿಡುತ್ತೀರಿ ಎಂಬುದನ್ನು ತೋರಿಸಿ ಒಪ್ಪಿಗೆ ಪಡೆಯಿರಿ. ನಮ್ಮ ಕಡೆಯ ಬದುವಿನ ವ್ಯಾಜ್ಯಗಳಲ್ಲಿ ಅನೇಕವು ಜಾಗದ ಒತ್ತುವರಿಗಿಂತ ಹೆಚ್ಚಾಗಿ ಮೇಲಿನವರ ನೀರು ಕೆಳಗಿನವರ ಹೊಲಕ್ಕೆ ನುಗ್ಗಿದ್ದರಿಂದಲೇ ಹುಟ್ಟಿದಂಥವು.

ಎರಡನೆಯದಾಗಿ, ಎಲ್ಲ ಕಲ್ಲುಗುಪ್ಪೆಗಳೂ ರೈತರು ಆಯ್ದು ಹಾಕಿದವಲ್ಲ ಎಂಬುದನ್ನು ನೆನಪಿಡಬೇಕು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ನಡೆಸಿದ ಉತ್ಖನನದಲ್ಲಿ, ವೃತ್ತಾಕಾರವಾಗಿ ನಿಲ್ಲಿಸಿದ ಗುಂಡುಕಲ್ಲುಗಳ ನಡುವೆ ಚಪ್ಪಡಿಗಳಿಂದ ಕಟ್ಟಿದ ಬೃಹತ್ ಶಿಲಾಯುಗದ ಸಮಾಧಿಗಳು ದೊರೆತವು. ಜನರು ಮೋರ್ಯರ ಮನೆ ಎಂದು ಕರೆಯುವ ಇಂಥ ರಚನೆಗಳು ಬಯಲಿನಲ್ಲಿಯೂ ಹೊಲಗಳ ಅಂಚಿನಲ್ಲಿಯೂ ಇರಬಹುದು. ಕಲ್ಲುಗಳು ವೃತ್ತಾಕಾರವಾಗಿದ್ದರೆ, ನಾಲ್ಕು ಚಪ್ಪಡಿಗಳು ಪೆಟ್ಟಿಗೆಯಂತೆ ನಿಂತಿದ್ದರೆ, ಬದುವಿನೊಳಗೆ ವೀರಗಲ್ಲು, ಮಾಸ್ತಿಕಲ್ಲು ಅಥವಾ ಅಕ್ಷರವಿರುವ ಕಲ್ಲು ಕಂಡರೆ, ಅಲ್ಲಿಗೆ ಕೆಲಸ ನಿಲ್ಲಿಸಿ, ಫೋಟೊ ತೆಗೆದು, ಗ್ರಾಮ ಆಡಳಿತಾಧಿಕಾರಿಗಾಗಲಿ ಪುರಾತತ್ವ ಇಲಾಖೆಗಾಗಲಿ ತಿಳಿಸಬೇಕು. ಅಶೋಕನ ಶಾಸನಗಳು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಕಡೆ ದೊರೆತ ತಾಲ್ಲೂಕು ಇದು. ಇಂಥ ಕಡೆ ಒಂದು ಕಲ್ಲನ್ನು ಅರಿಯದೆ ಒಡೆದರೂ ಮತ್ತೆ ಅದನ್ನು ಸೇರಿಸಲಾಗದು.

ಮೂರನೆಯದು ಜೀವದ ಎಚ್ಚರ. ಹಳೆಯ ಬದುವಿನ ಸಂದುಗಳಲ್ಲಿ ಚೇಳು, ಜರಿ ಹಾಗೂ ಗರಗಸ ಮಂಡಲದಂಥ ವಿಷದ ಹಾವುಗಳು ಇರುತ್ತವೆ. ಕಲ್ಲನ್ನು ಬರಿಗೈಯಿಂದ ತಮ್ಮ ಕಡೆಗೆ ಎಳೆಯದೆ, ಹಾರೆಯ ಮೊನೆಯಿಂದ ಆ ಕಡೆ ಎಬ್ಬಿಸಿ ತಳ ನೋಡಿದ ಮೇಲೆಯೇ ಕೈ ಹಾಕಬೇಕು. ಗಟ್ಟಿ ಚರ್ಮದ ಕೈಗವಸು ಮತ್ತು ಪಾದ ಮುಚ್ಚುವ ಬೂಟು ಇರಲಿ. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುವುದು ಇವುಗಳಲ್ಲಿ ಕಾಲ ಕಳೆಯದೆ, ಕಚ್ಚಿದ ಅಂಗ ಅಲುಗಾಡದಂತೆ ಇಟ್ಟು ನೇರವಾಗಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಬೇಕು. ಉಡ, ಮುಂಗುಸಿ, ಹಾಲಕ್ಕಿ (ಸಣ್ಣ ಗೂಬೆ) ಇವೂ ಅದೇ ಸಂದುಗಳಲ್ಲಿ ವಾಸಿಸಿ ಹೊಲದ ಇಲಿಯನ್ನು ಹತೋಟಿಯಲ್ಲಿಡುತ್ತವೆ. ಅವುಗಳ ಮರಿ ಅಥವಾ ಮೊಟ್ಟೆ ಕಂಡ ಭಾಗವನ್ನು ಆ ವರ್ಷಕ್ಕೆ ಬಿಟ್ಟು ಮುಂದಕ್ಕೆ ಹೋಗುವುದು ಒಳ್ಳೆಯದು.

ಕಾಲ ಮತ್ತು ಸಲಕರಣೆ

ಸುಗ್ಗಿ ಮುಗಿದು ಹೊಲ ಬರಿದಾದ ಮೇಲೆ, ಅಂದರೆ ಮಾಘದಿಂದ ವೈಶಾಖದವರೆಗೆ, ಈ ಕೆಲಸಕ್ಕೆ ತಕ್ಕ ಕಾಲ. ಅಶ್ವಿನಿ ಅಥವಾ ಭರಣಿ ಮಳೆ ಒಂದು ಹದ ಬಿದ್ದರೆ ನೆಲದಲ್ಲಿ ಹೂತ ಕಲ್ಲು ಸಲೀಸಾಗಿ ಮೇಲೇಳುತ್ತದೆ. ಈ ಸೀಮೆಯಲ್ಲಿ ದೊಡ್ಡ ಮಳೆ ಬರುವುದು ಉತ್ತರೆ, ಹಸ್ತ, ಚಿತ್ತೆಯ ಹೊತ್ತಿಗೆ, ಅಂದರೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಷ್ಟರೊಳಗೆ ಹೊಸದಾಗಿ ಕಟ್ಟಿದ ಭಾಗ ಮುಂಗಾರಿನ ಸಣ್ಣ ಮಳೆಗಳಲ್ಲಿ ಕೂತು ಗಟ್ಟಿಯಾಗಿರಬೇಕು. ಹಾರೆ, ಪಿಕಾಸಿ, ಗುದ್ದಲಿ, ಸುತ್ತಿಗೆ, ಚಾಣ, ಬಾಂಡ್ಲಿ, ಗೂಟ, ನೂಲು ಇವಿಷ್ಟು ಸಾಕು. ಸರ್ಕಾರದ ಯೋಜನೆಗಳಲ್ಲಿ ಬದು ಕೆಲಸಕ್ಕೆ ನೆರವಿದೆಯೇ ಎಂದು ಗ್ರಾಮ ಪಂಚಾಯಿತಿಯಲ್ಲಿಯೂ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿಯೂ ಕೆಲಸ ಆರಂಭಿಸುವ ಮೊದಲೇ ವಿಚಾರಿಸಬೇಕು. ಕಟ್ಟಿ ಮುಗಿಸಿದ ನಂತರ ಕೇಳಿದರೆ ಪ್ರಯೋಜನವಾಗುವುದಿಲ್ಲ.

ಯಾವ ಕಲ್ಲು ಆಯಬೇಕು, ಯಾವುದನ್ನು ಬಿಡಬೇಕು

ಹೊಲವನ್ನು ಕಲ್ಲಿಲ್ಲದಂತೆ ಮಾಡಬೇಕೆಂಬ ಹಟ ಬೇಡ. ನೆಲದ ಮೇಲೆ ಹರಡಿರುವ ನಿಂಬೆಹಣ್ಣಿನ ಗಾತ್ರದ ಕಲ್ಲುಗಳು ಮಳೆ ಹನಿಯ ಪೆಟ್ಟನ್ನು ತಾವು ತಡೆದುಕೊಂಡು, ಮಸಾರಿ ಮಣ್ಣು ಮಳೆಯ ನಂತರ ಹೆಪ್ಪುಗಟ್ಟುವುದನ್ನು ಕಡಿಮೆ ಮಾಡುತ್ತವೆ. ಅವುಗಳ ಅಡಿಯ ತೇವ ಬಿಸಿಲಿಗೆ ಬೇಗ ಆರುವುದಿಲ್ಲ. ಸಜ್ಜೆ, ನವಣೆ, ಹುರುಳಿ, ತೊಗರಿ ಬೆಳೆಯುವ ಹೊಲದಲ್ಲಿ ಕೂರಿಗೆಗೂ ಎಡೆಕುಂಟೆಗೂ ಅಡ್ಡ ಬರುವ ಕಲ್ಲನ್ನು, ಅಂದರೆ ಮುಷ್ಟಿಗಿಂತ ದೊಡ್ಡದನ್ನು, ಆಯ್ದರೆ ಸಾಕಾಗುತ್ತದೆ. ಶೇಂಗಾ ಹೊಲದ ಮಾತು ಬೇರೆ. ಅಲ್ಲಿ ಕಾಯಿ ಮಣ್ಣಿನೊಳಗೆ ಕಟ್ಟುವುದರಿಂದ, ಮೇಲಿನ ಮೂರು ನಾಲ್ಕು ಇಂಚಿನಲ್ಲಿರುವ ಚೂಪು ಬೆಣಚುಕಲ್ಲುಗಳನ್ನು ಇನ್ನಷ್ಟು ಶ್ರದ್ಧೆಯಿಂದ ತೆಗೆಯಬೇಕು. ಇಲ್ಲದಿದ್ದರೆ ಗಿಡ ಕೀಳುವಾಗ ಕಾಯಿ ಕಳಚಿ ನೆಲದಲ್ಲೇ ಉಳಿಯುತ್ತದೆ.

ಜೆಸಿಬಿಯಿಂದ ಕಲ್ಲು ತೆಗೆಸುವವರು ಒಂದು ವಿಷಯವನ್ನು ಗಮನಿಸಬೇಕು. ಬಕೆಟ್ಟು ಕಲ್ಲಿನ ಜೊತೆಗೆ ಮೇಲ್ಮಣ್ಣನ್ನೂ ಬಾಚಿ ಮೂಲೆಯಲ್ಲಿ ಗುಡ್ಡೆ ಹಾಕುತ್ತದೆ. ಒಂದು ಗೇಣು ಮಣ್ಣಿರುವ ಹೊಲದಲ್ಲಿ ಎರಡು ಇಂಚು ಹೋದರೆ ಅದು ಬಹು ದೊಡ್ಡ ನಷ್ಟ. ಹಾರೆಯಿಂದ ಆಗದ ದೊಡ್ಡ ಗುಂಡುಗಳಿಗಷ್ಟೇ ಯಂತ್ರ ಬಳಸಿ, ಉಳಿದವನ್ನು ಆಳುಗಳಿಂದ ಆಯಿಸುವುದೇ ಕೊನೆಗೆ ಲಾಭ. ನೆಲದಿಂದ ಮೇಲೆದ್ದ ಹಾಸುಬಂಡೆಯನ್ನು ಒಡೆಯಲು ಹೋಗಬೇಡಿ. ಅದರ ಮೇಲೆ ಬಿದ್ದ ಮಳೆ ಸುತ್ತಲಿನ ಮಣ್ಣಿಗೆ ಇಳಿಯುವುದರಿಂದ ಬಂಡೆಯ ಅಂಚಿನಲ್ಲಿ ಬೇವು, ಸೀತಾಫಲ ಚೆನ್ನಾಗಿ ಬರುತ್ತವೆ. ಪರವಾನಗಿಯಿಲ್ಲದೆ ಸಿಡಿಮದ್ದು ಬಳಸುವುದು ಅಪರಾಧ. ಆಯ್ದ ಕಲ್ಲನ್ನು ಸ್ವಂತ ಹೊಲದ ಬದುವಿಗೆ ಹಾಕುವುದು ಒಂದು, ಹೊರಗೆ ಮಾರುವುದು ಇನ್ನೊಂದು. ಮಾರುವುದಾದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ಮೊದಲು ಕೇಳಿಕೊಳ್ಳಬೇಕು. ಅರಣ್ಯದ ಗಡಿಯೊಳಗಿಂದ ಕಲ್ಲು ತರುವುದಂತೂ ಸಲ್ಲದು.

ಕಲ್ಲನ್ನು ಆಯುವಾಗಲೇ ನಾಲ್ಕು ರಾಶಿ ಮಾಡಿಕೊಂಡರೆ ಕಟ್ಟುವಾಗ ಅರ್ಧ ಶ್ರಮ ಉಳಿಯುತ್ತದೆ. ಅತಿ ದೊಡ್ಡವು ಬುನಾದಿಗೆ, ಒಂದು ಮುಖ ಚಪ್ಪಟೆಯಾಗಿರುವವು ಗೋಡೆಯ ಹೊರಮುಖಕ್ಕೆ, ಒಂದೂವರೆ ಎರಡು ಅಡಿ ಉದ್ದದವು ಗೋಡೆಯ ಎರಡೂ ಮುಖ ಮುಟ್ಟುವ ಅಡ್ಡಗಲ್ಲಿಗೆ, ಚಕ್ಕೆ ಮತ್ತು ಚೂರುಗಳು ಒಳತುಂಬಲು. ಕೆಲಸದವರು ಚಕ್ಕೆಯನ್ನು ಕಸವೆಂದು ಎಸೆಯುವುದು ಸಾಮಾನ್ಯ. ಆದರೆ ಗೋಡೆ ನಿಲ್ಲುವುದು ಬಹುಪಾಲು ಈ ಚಕ್ಕೆಯ ಬಲದಿಂದಲೇ.

ಕುಸಿದ ಜಾಗವನ್ನು ಓದುವುದು

ಬದು ಎಲ್ಲಿ ಬಿದ್ದಿದೆಯೆಂದು ನೋಡಿದರೆ ಸಾಲದು, ಏಕೆ ಬಿದ್ದಿದೆಯೆಂದು ತಿಳಿಯಬೇಕು. ಮೇಲಿನ ಮಗ್ಗುಲಲ್ಲಿ ಕಲ್ಲುಗಳಿಗೆ ಅಂಟಿದ ಕೆಮ್ಮಣ್ಣಿನ ಗೆರೆ ನೀರು ಎಷ್ಟು ಎತ್ತರ ನಿಂತಿತ್ತೆಂಬುದನ್ನು ಹೇಳುತ್ತದೆ. ಕೆಳಗಿನ ಮಗ್ಗುಲಲ್ಲಿ ಒಂದೇ ಕಡೆ ನುಣುಪು ಮಣ್ಣು ಬೀಸಣಿಗೆಯಂತೆ ಹರಡಿದ್ದರೆ, ಅದರ ನೇರಕ್ಕೆ ಗೋಡೆಯ ಬುಡದಲ್ಲಿ ಬೆರಳು ತೂರುವಷ್ಟು ದಾರಿ ಇದೆಯೆಂದೇ ಅರ್ಥ. ಅಲ್ಲಿ ಮೇಲಿನ ಕಲ್ಲು ಗಟ್ಟಿಯಾಗಿದ್ದರೂ ಬುಡ ಟೊಳ್ಳಾಗಿರುತ್ತದೆ. ಗೋಡೆ ಹೊಟ್ಟೆ ಬಿಟ್ಟಿದ್ದರೆ ಒಳತುಂಬು ಜಾರಿ ಕೆಳಗಿಳಿದಿದೆ ಅಥವಾ ಅಡ್ಡಗಲ್ಲೇ ಇಲ್ಲ. ಮೇಲಿನ ಎರಡು ಸಾಲು ಮಾತ್ರ ಉರುಳಿದ್ದರೆ ಅದು ಕುರಿ, ಮೇಕೆ ಮತ್ತು ಕಾಲುದಾರಿಯ ಕೆಲಸ. ಬಳ್ಳಾರಿ ಜಾಲಿ, ಅರಳಿ, ಆಲದ ಸಸಿಗಳು ಸಂದಿನಲ್ಲಿ ಹುಟ್ಟಿದ್ದರೆ ಅವುಗಳ ಬೇರು ಕಲ್ಲನ್ನು ಸೀಳಿ ಹೊರದೂಡಿರುತ್ತದೆ.

ಒಂದೇ ಜಾಗ ಮತ್ತೆ ಮತ್ತೆ ಕುಸಿಯುತ್ತಿದ್ದರೆ, ಆ ಜಾಗದಲ್ಲಿ ನೀರಿಗೆ ದಾರಿ ಬೇಕಾಗಿದೆ. ಅಲ್ಲಿ ಗೋಡೆಯನ್ನು ದಪ್ಪ ಮಾಡುವುದರಿಂದ ಪ್ರಯೋಜನವಿಲ್ಲ, ಹೆಚ್ಚಾದ ನೀರು ಹರಿದುಹೋಗುವ ಕೋಡಿ ಕಟ್ಟಬೇಕು.

ಮಟ್ಟ ಹಿಡಿಯುವುದು

ಹಳೆಯ ಬದು ಇಳಿಜಾರಿಗೆ ಅಡ್ಡವಾಗಿ ಸರಿಯಾದ ಮಟ್ಟದಲ್ಲಿದ್ದರೆ ಅದೇ ಸಾಲನ್ನು ಉಳಿಸಿಕೊಳ್ಳಿ. ಪೂರ್ತಿ ಅಳಿಸಿಹೋದ ಕಡೆ ಅಥವಾ ನಡುವೆ ಹೊಸ ಬದು ಹಾಕುವ ಕಡೆ ಮಟ್ಟ ಹಿಡಿಯಬೇಕಾಗುತ್ತದೆ. ಇದಕ್ಕೆ ದುಬಾರಿ ಉಪಕರಣ ಬೇಡ. ಏಳು ಅಡಿಯ ಎರಡು ನೇರ ಗಳಗಳ ತುದಿಗಳನ್ನು ಸೇರಿಸಿ ಕಟ್ಟಿ, ಬುಡಗಳನ್ನು ಆರು ಅಡಿ ಅಗಲಿಸಿ, ನಡುವೆ ಒಂದು ಅಡ್ಡಪಟ್ಟಿ ಬಿಗಿಯಿರಿ. ತುದಿಯಿಂದ ನೂಲಿನಲ್ಲಿ ಒಂದು ಕಲ್ಲನ್ನು ಅಡ್ಡಪಟ್ಟಿಗಿಂತ ಕೆಳಕ್ಕೆ ಇಳಿಬಿಡಿ. ಚೌಕಟ್ಟನ್ನು ನೆಲದ ಮೇಲೆ ನಿಲ್ಲಿಸಿ ಎರಡೂ ಕಾಲು ಊರಿದ ಜಾಗಕ್ಕೆ ಗುರುತು ಹಾಕಿ, ನೂಲು ಅಡ್ಡಪಟ್ಟಿಯನ್ನು ಹಾಯುವಲ್ಲಿ ಗೆರೆ ಎಳೆಯಿರಿ. ಈಗ ಚೌಕಟ್ಟನ್ನು ತಿರುಗಿಸಿ, ಎಡಗಾಲಿನ ಗುರುತಿನಲ್ಲಿ ಬಲಗಾಲು, ಬಲಗಾಲಿನ ಗುರುತಿನಲ್ಲಿ ಎಡಗಾಲು ಬರುವಂತೆ ನಿಲ್ಲಿಸಿ ಇನ್ನೊಂದು ಗೆರೆ ಎಳೆಯಿರಿ. ಎರಡು ಗೆರೆಗಳ ನಟ್ಟನಡುವಿನ ಬಿಂದುವೇ ಮಟ್ಟದ ಗುರುತು. ನೂಲು ಈ ಬಿಂದುವಿನ ಮೇಲೆ ನಿಂತಾಗ ಎರಡೂ ಕಾಲುಗಳು ಸಮಮಟ್ಟದಲ್ಲಿವೆ ಎಂದಾಗುತ್ತದೆ. ಒಂದು ಕಾಲನ್ನು ಊರಿ ಇನ್ನೊಂದನ್ನು ಮೇಲೆ ಕೆಳಗೆ ಸರಿಸುತ್ತಾ, ಮಟ್ಟ ಸಿಕ್ಕಲ್ಲೆಲ್ಲ ಗೂಟ ಹೊಡೆಯುತ್ತಾ ಹೊಲದ ಉದ್ದಕ್ಕೂ ಸಾಗಬೇಕು. ಗಾಳಿಯ ಹೊತ್ತಿನಲ್ಲಿ ನೂಲು ಓಲಾಡುವುದರಿಂದ ಬೆಳಗಿನ ಜಾವದಲ್ಲೇ ಈ ಕೆಲಸ ಮುಗಿಸುವುದು ಮೇಲು. ಕೊನೆಗೆ ಗೂಟದ ಸಾಲಿನಲ್ಲಿ ತೀರಾ ಚೂಪಾದ ತಿರುವುಗಳಿದ್ದರೆ ಒಂದೆರಡು ಅಡಿ ಆಚೀಚೆ ಸರಿಸಿ, ಕುಂಟೆ ತಿರುಗಲು ಅನುಕೂಲವಾಗುವಂತೆ ಸಾಲನ್ನು ನಯಗೊಳಿಸಬಹುದು.

ಬದುವಿನಿಂದ ಬದುವಿಗೆ ಅಂತರ ಇಳಿಜಾರನ್ನು ಅವಲಂಬಿಸಿದೆ. 100 ಅಡಿಗೆ 3 ಅಡಿ ಇಳಿಯುವ ಹೊಲದಲ್ಲಿ ಸುಮಾರು 100 ಅಡಿಗೊಂದು ಬದು ಇದ್ದರೆ ಸಾಕು. ಇಳಿಜಾರು ಹೆಚ್ಚಿದಂತೆ ಬದುಗಳು ಹತ್ತಿರವಾಗಬೇಕು.

ಬಿಚ್ಚಿ ಕಟ್ಟುವುದು

ಕುಸಿದ ಭಾಗದ ಎರಡೂ ಮಗ್ಗುಲಿನಲ್ಲಿ ಗಟ್ಟಿ ಗೋಡೆ ಸಿಕ್ಕುವವರೆಗೆ ಮೆಟ್ಟಿಲು ಮೆಟ್ಟಿಲಾಗಿ ಬಿಚ್ಚಿ. ನೇರವಾಗಿ ಕತ್ತರಿಸಿದಂತೆ ಬಿಚ್ಚಿದರೆ ಹೊಸದಕ್ಕೂ ಹಳೆಯದಕ್ಕೂ ಬೆಸುಗೆಯಾಗದೆ ಅಲ್ಲಿಯೇ ಸೀಳು ಬೀಳುತ್ತದೆ. ಇಳಿಜಾರಿನಲ್ಲಿ ಕಲ್ಲು ಎಬ್ಬಿಸುವಾಗ ಕೆಳಗಡೆ ಯಾರೂ ನಿಂತಿರಬಾರದು. ಭಾರದ ಕಲ್ಲನ್ನು ಬೆನ್ನು ಬಗ್ಗಿಸಿ ಎತ್ತದೆ, ಮಂಡಿ ಮಡಚಿ ಎದೆಗೆ ಹತ್ತಿರ ಹಿಡಿದು ಎತ್ತಬೇಕು, ಇಲ್ಲವೇ ಹಲಗೆಯ ಮೇಲೆ ಹಾರೆ ಹಾಕಿ ಮಗುಚುತ್ತಾ ಏರಿಸಬೇಕು.

ಬುನಾದಿಗೆ ಗಟ್ಟಿ ಗರಸು ಸಿಕ್ಕುವವರೆಗೆ, ಕನಿಷ್ಠ ಅರ್ಧ ಅಡಿಯಿಂದ ಒಂದು ಅಡಿ, ಪಾಯ ತೋಡಿ. ಪಾಯದ ತಳ ಮೇಲಿನ ಹೊಲದ ಕಡೆಗೆ ತುಸು ವಾಲಿರಲಿ; ಆಗ ಮಣ್ಣಿನ ಒತ್ತಡಕ್ಕೆ ಗೋಡೆ ಹೊರಗೆ ಜಾರುವುದಿಲ್ಲ. ಮೂರು ಅಡಿ ಎತ್ತರದ ಗೋಡೆಗೆ ಬುಡದಲ್ಲಿ ಎರಡು ಅಡಿ, ತಲೆಯಲ್ಲಿ ಒಂದು ಅಡಿ ಅಗಲವಿದ್ದು, ಎರಡೂ ಮುಖಗಳು ಪ್ರತಿ ಅಡಿ ಎತ್ತರಕ್ಕೆ ಎರಡು ಇಂಚಿನಂತೆ ಒಳಕ್ಕೆ ವಾಲಬೇಕು. ಈ ಅಳತೆಗೆ ನೆಲದಿಂದ ಮೇಲೆ ಪ್ರತಿ 10 ಅಡಿ ಉದ್ದಕ್ಕೆ 45 ಘನ ಅಡಿ ಕಲ್ಲು ಹಿಡಿಯುತ್ತದೆ. ಅಂದರೆ 100 ಘನ ಅಡಿ ತುಂಬುವ ಒಂದು ಟ್ರೇಲರ್ ಕಲ್ಲಿನಿಂದ ಸುಮಾರು 22 ಅಡಿ ಗೋಡೆ ಎದ್ದೀತು. ಪಾಯದ ಕಲ್ಲು ಇದಕ್ಕೆ ಹೊರತು.

ಕಲ್ಲಿಡುವ ಕ್ರಮದಲ್ಲಿ ನಾಲ್ಕು ಮಾತುಗಳನ್ನು ಬಿಡುವಂತಿಲ್ಲ. ಕಲ್ಲಿನ ಉದ್ದ ಗೋಡೆಯ ಒಳಕ್ಕೆ ಹೋಗಬೇಕು, ಹೊರಗೆ ಕಾಣುವುದು ಅದರ ತಲೆ ಮಾತ್ರ. ಹೊರಗೆ ಚೆಂದ ಕಾಣಲೆಂದು ಉದ್ದದ ಮಗ್ಗುಲನ್ನು ಹೊರಮುಖವಾಗಿಟ್ಟರೆ ಅದು ಬರಿಯ ಹೊದಿಕೆಯಾಗಿ ಬೇಗ ಕಳಚುತ್ತದೆ. ಕೆಳಗಿನ ಎರಡು ಕಲ್ಲುಗಳ ಸಂದಿನ ಮೇಲೆ ಮೇಲಿನ ಕಲ್ಲು ಕೂರಬೇಕು, ಸಂದಿನ ಮೇಲೆ ಸಂದು ಬರಕೂಡದು. ಸುಮಾರು ಒಂದೂವರೆ ಅಡಿ ಎತ್ತರದಲ್ಲಿ ಮೂರು ನಾಲ್ಕು ಅಡಿಗೊಂದರಂತೆ, ಎರಡೂ ಮುಖಗಳನ್ನು ಮುಟ್ಟುವ ಅಡ್ಡಗಲ್ಲು ಹಾಕಬೇಕು. ಪ್ರತಿ ಸಾಲು ಮುಗಿದ ಕೂಡಲೇ ನಡುವಿನ ಟೊಳ್ಳನ್ನು ಚಕ್ಕೆಯಿಂದ ಕೈಯಲ್ಲಿ ಜೋಡಿಸಿ ತುಂಬಬೇಕೇ ಹೊರತು ಬಾಂಡ್ಲಿಯಿಂದ ಸುರಿಯಬಾರದು. ಒಳಗೆ ಮಣ್ಣು ಹಾಕುವವರಿದ್ದಾರೆ. ಮಣ್ಣು ಒಂದೇ ಮಳೆಗಾಲದಲ್ಲಿ ತೊಳೆದುಹೋಗಿ ಗೋಡೆ ಹೊಟ್ಟೆ ಬಿಡುತ್ತದೆ.

ಪ್ರತಿ ಕಲ್ಲನ್ನಿಟ್ಟ ಮೇಲೆ ಅಂಗೈಯಿಂದ ನಾಲ್ಕು ಮೂಲೆಗಳನ್ನೂ ಒತ್ತಿ ನೋಡಿ. ತುಸು ಅಲುಗಿದರೂ ಕಲ್ಲನ್ನು ಎತ್ತಿ ಬೇರೆ ಮಗ್ಗುಲಿಗೆ ತಿರುಗಿಸಿ ಇಡಿ. ಮೂರು ನಾಲ್ಕು ಮಗ್ಗುಲಲ್ಲಿ ಒಂದು ಮಗ್ಗುಲಿಗಾದರೂ ಅದು ತಾನಾಗಿ ಕೂರುತ್ತದೆ. ಆಗಲೂ ಸಣ್ಣ ಅಲುಗಾಟ ಉಳಿದರೆ ಒಳಗಡೆಯಿಂದ ಚಕ್ಕೆ ಬಡಿದು ಬಿಗಿ ಮಾಡಬೇಕು. ಹೊರಗಡೆಯಿಂದ ಬಡಿದ ಚಕ್ಕೆ ಬಿಸಿಲು ಮಳೆಗೆ ಸಡಿಲಗೊಂಡು ಉದುರುತ್ತದೆ, ಅದರ ಹಿಂದೆಯೇ ಕಲ್ಲೂ ಬರುತ್ತದೆ. ದುಂಡು ಗುಂಡುಗಳು ಹೆಚ್ಚಾಗಿರುವ ಕಡೆ ಅವನ್ನು ಹಾಗೆಯೇ ಪೇರಿಸದೆ, ಸುತ್ತಿಗೆ ಚಾಣಗಳಿಂದ ಒಂದು ಮುಖವನ್ನಾದರೂ ಒಡೆದು ಚಪ್ಪಟೆ ಮಾಡಿಕೊಳ್ಳಬೇಕು. ಬೆಣೆ ಹೊಡೆದು ದೊಡ್ಡ ಕಲ್ಲು ಸೀಳುವುದು ಅನುಭವಸ್ಥರ ಕೆಲಸ. ಈ ಸೀಮೆಯಲ್ಲಿ ತಲೆಮಾರುಗಳಿಂದ ಕಲ್ಲಿನೊಂದಿಗೆ ಬದುಕಿದ ಭೋವಿ ಸಮುದಾಯದ ಹಿರಿಯ ಕಲ್ಲುಕುಟಿಗರನ್ನು ಒಂದು ದಿನವಾದರೂ ಜೊತೆಗೆ ಕರೆದುಕೊಂಡರೆ ಕಲ್ಲಿನ ಎಳೆ ನೋಡುವ ಬಗೆ ಮನೆಯ ಮಕ್ಕಳಿಗೂ ತಿಳಿಯುತ್ತದೆ. ಗಾರೆಯಿಲ್ಲದ ಜೋಡಣೆ ಎಷ್ಟು ಕಾಲ ನಿಂತೀತೆಂಬ ಅನುಮಾನವಿದ್ದವರು ಚಿತ್ರದುರ್ಗದ ಕೋಟೆಗೆ ಹೋಗಿ ಕಲ್ಲುಕಲ್ಲಿನ ಸಂದುಗಳನ್ನು ಹತ್ತಿರದಿಂದ ನೋಡಬೇಕು.

ಸಿಮೆಂಟ್ ಹಾಕಿದರೆ ಗಟ್ಟಿಯಾಗುವುದಿಲ್ಲವೇ ಎಂದು ಕೇಳುವವರು ಬಹಳ. ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿದರೆ ಮೇಲಿನ ಹೊಲದ ನೀರು ಸೋಸಿ ಹೋಗಲು ದಾರಿಯಿಲ್ಲದೆ ಗೋಡೆಯ ಹಿಂದೆ ನಿಲ್ಲುತ್ತದೆ. ನೆನೆದ ಮಣ್ಣಿನ ಭಾರ ಮತ್ತು ನಿಂತ ನೀರಿನ ಒತ್ತಡ ಎರಡೂ ಸೇರಿ ಗೋಡೆಯನ್ನು ಇಡಿಯಾಗಿ ಮಗುಚುತ್ತವೆ. ಹೊಲದ ಬದುವಿಗೆ ಸಿಮೆಂಟ್ ಬೇಡ. ಗೋಡೆಯ ಹಿಂಬದಿಗೆ ಮಣ್ಣು ತಾಗುವ ಮುನ್ನ ಅರ್ಧ ಅಡಿ ದಪ್ಪ ಸಣ್ಣ ಕಲ್ಲು ತುಂಬಿದರೆ, ನೀರು ಸೋಸಿ ಹೋಗಿ ಮಣ್ಣು ಹಿಂದೆ ಉಳಿಯುತ್ತದೆ.

ಕೋಡಿ ಮತ್ತು ಕೊರಕಲು

ಹೊಲದ ತಗ್ಗಿನಲ್ಲಿ, ನೀರು ತಾನಾಗಿ ಸೇರುವ ಕಡೆ, ಗೋಡೆಯ ತಲೆಯನ್ನು ಮೂರು ನಾಲ್ಕು ಅಡಿ ಅಗಲಕ್ಕೆ ಒಂದು ಅಡಿಯಷ್ಟು ತಗ್ಗಿಸಿ ಕೋಡಿ ಮಾಡಬೇಕು. ಕೋಡಿಯ ತಲೆಗೆ ಭಾರದ ಚಪ್ಪಡಿ ಹಾಕಿ, ನೀರು ಬೀಳುವ ಜಾಗಕ್ಕೆ ಗೋಡೆಯ ಎತ್ತರದಷ್ಟು ದೂರ ಕಲ್ಲು ಹಾಸಿದರೆ ಕೆಳಗೆ ಗುಂಡಿ ಬೀಳುವುದಿಲ್ಲ. ಮೇಲಿನ ಬದುವಿನ ಕೋಡಿಯ ನೇರಕ್ಕೇ ಕೆಳಗಿನ ಬದುವಿನ ಕೋಡಿ ಬಾರದಂತೆ, ಹೊಲದ ಆಕಾರ ಒಪ್ಪಿದರೆ, ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಇಡುವುದು ಲೇಸು. ನೀರು ಹೊಲದ ಅಗಲವನ್ನೆಲ್ಲ ಸುತ್ತಿ ಹೋಗುವಾಗ ಇಂಗಲು ಸಮಯ ಸಿಕ್ಕುತ್ತದೆ.

ಈಗಾಗಲೇ ಕೊರಕಲು ಬಿದ್ದಿದ್ದರೆ ಅದಕ್ಕೆ ಅಡ್ಡಲಾಗಿ ಸಣ್ಣ ಕಲ್ಲುತಡೆಗಳನ್ನು ಮೇಲಿನಿಂದ ಆರಂಭಿಸಿ ಕೆಳಕ್ಕೆ ಕಟ್ಟುತ್ತಾ ಬನ್ನಿ. ಕೆಳಗಿನ ತಡೆಯ ತಲೆ ಮೇಲಿನ ತಡೆಯ ಬುಡದ ಮಟ್ಟಕ್ಕೆ ಬರುವಂತೆ ಅಂತರ ಇಡಬೇಕು. ತಡೆಯ ನಡುಭಾಗ ಅಂಚುಗಳಿಗಿಂತ ತಗ್ಗಾಗಿರಲಿ, ಎರಡೂ ತುದಿಗಳು ದಡದೊಳಕ್ಕೆ ಒಂದೆರಡು ಅಡಿ ಹೂತಿರಲಿ. ಇಲ್ಲವಾದರೆ ನೀರು ತಡೆಯನ್ನು ಬಿಟ್ಟು ಪಕ್ಕದ ದಡವನ್ನು ಕೊರೆಯುತ್ತದೆ.

ಕಟ್ಟಿದ ಮೇಲೆ

ಬದುವಿನ ಮೇಲ್ಭಾಗದ ಅಂಚಿಗೆ ಲಾವಂಚವನ್ನಾಗಲಿ ಸ್ಥಳೀಯ ಹುಲ್ಲನ್ನಾಗಲಿ ಹಚ್ಚಿ. ಗೋಡೆಯಿಂದ ಐದಾರು ಅಡಿ ದೂರದಲ್ಲಿ ಸೀತಾಫಲ, ಹೊಂಗೆ, ಬೇವು ಹಾಕಬಹುದು. ಗೋಡೆಗೆ ತಾಗಿ ಮರ ಬೇಡ. ಮಣ್ಣು ತೀರಾ ತೆಳುವಾದ ಹೊಲಕ್ಕೆ ಬೇಸಿಗೆಯಲ್ಲಿ ಕೆರೆಗೋಡು (ಕೆರೆಯ ಹೂಳುಮಣ್ಣು) ಹೊಡೆಸುವ ಯೋಚನೆಯಿದ್ದರೆ ಬದು ದುರಸ್ತಿ ಮುಗಿದ ಮೇಲೆಯೇ ಹೊಡೆಸಿ. ಬದು ಹರಿದಿರುವ ಹೊಲಕ್ಕೆ ಹಾಕಿದ ಗೋಡು ಬಂದ ಕೆರೆಗೇ ಹಿಂತಿರುಗುತ್ತದೆ, ಟ್ರಾಕ್ಟರ್ ಬಾಡಿಗೆ ಮಾತ್ರ ನಮ್ಮ ಮೇಲೆ ಬೀಳುತ್ತದೆ.

ಜನ ಹಾಗೂ ಕುರಿ ಹಿಂಡು ಓಡಾಡುವ ರೂಢಿಯ ದಾರಿ ಬದುವಿನ ಮೇಲೆ ಹಾದುಹೋಗಿದ್ದರೆ ಅದನ್ನು ಮುಚ್ಚಬೇಡಿ. ಮುಚ್ಚಿದರೆ ಪಕ್ಕದಲ್ಲೇ ಇನ್ನೊಂದು ಕಡೆ ಕಲ್ಲು ಉರುಳಿಸಿ ದಾಟುತ್ತಾರೆ. ಅದರ ಬದಲು ಎತ್ತರದ ಜಾಗ ನೋಡಿ ಎರಡು ಅಡಿಯ ಕಂಡಿ ಬಿಟ್ಟು, ಇಕ್ಕೆಲಗಳಲ್ಲಿ ಉದ್ದನೆಯ ಕಲ್ಲು ನೆಟ್ಟು ಭದ್ರಪಡಿಸಿ, ಗೋಡೆಯಿಂದ ಹೊರಚಾಚಿದ ಎರಡು ಮೂರು ಅಡ್ಡಗಲ್ಲುಗಳನ್ನು ಮೆಟ್ಟಿಲಾಗಿ ಇಟ್ಟರೆ ಆಳುಗಳಿಗೂ ಅನುಕೂಲ. ಮೊದಲ ವರ್ಷ ಪ್ರತಿ ದೊಡ್ಡ ಮಳೆಯ ಮರುದಿನ, ಹೊಲದೊಳಗೆ ಕಾಲಿಡುವಷ್ಟು ಆರಿದ ಕೂಡಲೇ, ಬದುವಿನ ಕೆಳಮಗ್ಗುಲಲ್ಲಿ ಒಂದು ಸುತ್ತು ನಡೆದು, ಹೊಸದಾಗಿ ಮಣ್ಣು ಹರಡಿದ ಜಾಗಗಳಿಗೆ ಗೂಟ ಹೊಡೆದು ಗುರುತಿಡಿ. ಗೂಟವಿರುವ ಕಡೆ ಹಿಂಬದಿಯಿಂದ ಒಂದು ಅಡಿ ಮಣ್ಣು ಬಿಡಿಸಿ, ತೂತಿಗೆ ಚಕ್ಕೆ ಜಡಿದು, ಮೇಲೆ ಸಣ್ಣ ಕಲ್ಲು ತುಂಬಿ, ಮಣ್ಣು ಮುಚ್ಚಿ ತುಳಿಯಿರಿ.